47ನೇ ಕಿಲೋಮೀಟರಿನ ಸೋಯಾ ಹೊಲ

ರಿಯೊ ಡಿ ಜನೈರೊದಿಂದ ಸಾವೊ ಪಾಲೊ ಕಡೆಗೆ ಹೋಗುವ ಹಳೆಯ ರಸ್ತೆಯಲ್ಲಿ ಒಂದು ಊರಿಗೆ ಮೈಲಿಗಲ್ಲಿನ ಹೆಸರೇ ಅಂಟಿಕೊಂಡಿದೆ. ಊರಿನ ನಿಜವಾದ ಹೆಸರು ಸೆರೊಪೆಡಿಕಾ. ಬ್ರೆಜಿಲ್‌ನ ಕೃಷಿ ವಿಜ್ಞಾನಿಗಳ ಬಾಯಲ್ಲಿ ಮಾತ್ರ ಅದು ‘47ನೇ ಕಿಲೋಮೀಟರ್’. 1951ರಲ್ಲಿ ಅಲ್ಲಿನ ಸರ್ಕಾರಿ ಕೃಷಿ ಸಂಶೋಧನಾ ಕೇಂದ್ರಕ್ಕೆ 26 ವರ್ಷದ ಹೆಣ್ಣುಮಗಳೊಬ್ಬಳು ಕೆಲಸ ಕೇಳಿಕೊಂಡು ಹೋದಳು. ಮ್ಯೂನಿಕ್ ವಿಶ್ವವಿದ್ಯಾಲಯದ ಕೃಷಿ ಪದವಿ ಬಿಟ್ಟರೆ ತೋರಿಸಲು ಹೆಚ್ಚೇನೂ ಇರಲಿಲ್ಲ. ಮಣ್ಣಿನ ಸೂಕ್ಷ್ಮಜೀವಿಗಳ ವಿಷಯದಲ್ಲಿ ವಿಶೇಷ ತರಬೇತಿಯೂ ಇರಲಿಲ್ಲ. ಆದರೂ ಕೇಂದ್ರದ ನಿರ್ದೇಶಕ ಆಲ್ವಾರೊ ಫಗುಂಡೆಸ್ ಅವಳಿಗೆ ಅದೇ ಕೆಲಸ ಕೊಟ್ಟರು. ಯೋಹಾನ್ನಾ ಡ್ಯೋಬೆರೈನರ್ ಆಮೇಲೆ ಆ ಊರಿನ ನಂಟು ಬಿಡಲಿಲ್ಲ. 2000ದ ಅಕ್ಟೋಬರ್‌ನಲ್ಲಿ ತೀರಿಕೊಳ್ಳುವವರೆಗೆ, ಹತ್ತಿರ ಹತ್ತಿರ ಐವತ್ತು ವರ್ಷ, ಅವರ ಮನೆ, ಹೊಲ, ಪ್ರಯೋಗಾಲಯ ಎಲ್ಲವೂ ಅದೇ ಮೈಲಿಗಲ್ಲಿನ ಸುತ್ತ.

ಅವರು ಹುಟ್ಟಿದ್ದು 1924ರಲ್ಲಿ, ಚೆಕೊಸ್ಲೊವಾಕಿಯಾದ ಔಸಿಗ್‌ನಲ್ಲಿ, ಜರ್ಮನ್ ಮನೆಮಾತಿನ ಕುಟುಂಬದಲ್ಲಿ. ತಂದೆ ರಸಾಯನಶಾಸ್ತ್ರದ ಮೇಷ್ಟ್ರು. ಎರಡನೇ ಮಹಾಯುದ್ಧ ಮುಗಿದಾಗ ಆ ದೇಶದಲ್ಲಿದ್ದ ಜರ್ಮನ್ನರನ್ನು ಹೊರಗಟ್ಟಲಾಯಿತು, ಕುಟುಂಬ ಚೆದುರಿತು. ಜರ್ಮನಿಯ ಹಳ್ಳಿಗಳಲ್ಲಿ ಹಸು ಕರೆದು, ಹೊಲಕ್ಕೆ ಕೊಟ್ಟಿಗೆ ಗೊಬ್ಬರ ಹರಡಿ ಯೋಹಾನ್ನಾ ಹೊಟ್ಟೆ ಹೊರೆದರು. ಓದಿದ್ದು ಅದಾದ ಮೇಲೆ. ಮಣ್ಣಿಗೆ ಏನು ಹಾಕುತ್ತೇವೆ, ಅದು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ಅವರಿಗೆ ಪುಸ್ತಕದಿಂದ ಬಂದದ್ದಲ್ಲ, ಕೈಗಂಟಿದ ಸಗಣಿಯಿಂದ ಬಂದದ್ದು ಎಂದೇ ನಾನು ತಿಳಿದಿದ್ದೇನೆ.

ಅವರ ಜೀವಮಾನದ ಕೆಲಸ ಏನೆಂದು ತಿಳಿಯಬೇಕಾದರೆ ಮೊದಲು ಒಂದು ಗಿಡ ಕೀಳಬೇಕು.

ಬಿತ್ತಿದ ಐದಾರು ವಾರಕ್ಕೆ ಸೋಯಾ ಗಿಡವನ್ನೋ ಅಲಸಂದೆಯನ್ನೋ ಮಣ್ಣಿನ ಹೆಂಟೆ ಸಮೇತ ಮೆಲ್ಲಗೆ ಎಬ್ಬಿಸಿ, ನೀರಿನಲ್ಲಿ ಅದ್ದಿ ತೊಳೆದು ನೋಡಿ. ಬೇರಿನ ಮೇಲೆ ಸಾಸಿವೆಯಷ್ಟು, ಮೆಣಸಿನಷ್ಟು ದಪ್ಪದ ಗಂಟುಗಳು ಕಾಣುತ್ತವೆ. ದಪ್ಪನೆಯದೊಂದನ್ನು ಉಗುರಿನಿಂದ ಸೀಳಿ. ಒಳಗೆ ಗುಲಾಬಿ ಇಲ್ಲವೇ ರಕ್ತದಂಥ ಕೆಂಪು ಇದ್ದರೆ ಗಂಟು ದುಡಿಯುತ್ತಿದೆ. ಬೆಳ್ಳಗಿದ್ದರೆ ಅದು ಇನ್ನೂ ಎಳಸು, ಅಥವಾ ಕೈಲಾಗದ್ದು. ಹಸಿರೋ ಕಂದೋ ಆಗಿದ್ದರೆ ಅದರ ಕಾಲ ಮುಗಿದಿದೆ. (ಬೇರೇ ಊದಿಕೊಂಡಂತೆ ಕಾಣುವ, ಬೆರಳಿಟ್ಟು ಒತ್ತಿದರೂ ಕಳಚದ ಗಂಟುಗಳು ಬೇರೆ. ಅವು ಜಂತುಹುಳುವಿನ ರೋಗ. ಎರಡನ್ನೂ ಒಂದೇ ಎಂದು ತಿಳಿದು ಒಳ್ಳೆಯ ಗಂಟಿಗೆ ಹೆದರಿದವರಿದ್ದಾರೆ.)

ಆ ಕೆಂಪು ಬಣ್ಣ ನಮ್ಮ ನೆತ್ತರಿನ ಹಿಮೋಗ್ಲೋಬಿನ್ನಿನ ನಂಟಿನದು. ಲೆಗ್‌ಹಿಮೋಗ್ಲೋಬಿನ್ ಎಂದು ಅದರ ಹೆಸರು. ಗಿಡಕ್ಕೆ ನೆತ್ತರಿನ ಬಣ್ಣ ಏಕೆ ಬೇಕು? ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ ಇದೆ. ಆದರೆ ಅದರ ಎರಡೆರಡು ಪರಮಾಣುಗಳು ಮೂರು ಬಂಧಗಳಲ್ಲಿ ಒಂದನ್ನೊಂದು ಬಿಗಿದುಕೊಂಡಿವೆ. ಯಾವ ಗಿಡವೂ, ಯಾವ ಪ್ರಾಣಿಯೂ ಆ ಬಿಗಿತವನ್ನು ಬಿಡಿಸಲಾರದು. ಕಾರ್ಖಾನೆಯಲ್ಲಿ ಬಿಡಿಸಬೇಕಾದರೆ ನಾನೂರು ಡಿಗ್ರಿಗೂ ಮೀರಿದ ಶಾಖ ಬೇಕು, ವಾತಾವರಣದ ನೂರಾರು ಪಟ್ಟು ಒತ್ತಡ ಬೇಕು. ನಮ್ಮ ಯೂರಿಯಾ ಚೀಲದ ಹುಟ್ಟು ಅಲ್ಲಿಂದಲೇ. ಕೆಲವು ಬ್ಯಾಕ್ಟೀರಿಯಾಗಳು ಮಾತ್ರ ಅದೇ ಕೆಲಸವನ್ನು ಹೊಲದ ತಣ್ಣನೆಯ ಮಣ್ಣಿನಲ್ಲಿ ನೈಟ್ರೊಜಿನೇಸ್ ಎಂಬ ಕಿಣ್ವದಿಂದ ಮಾಡುತ್ತವೆ. ತೊಂದರೆಯೆಂದರೆ ಆಮ್ಲಜನಕ ತಾಗಿದರೆ ಆ ಕಿಣ್ವ ಕೆಡುತ್ತದೆ. ಆಮ್ಲಜನಕವೇ ಇಲ್ಲದಿದ್ದರೆ ಬ್ಯಾಕ್ಟೀರಿಯಾ ಉಸಿರಾಡಲಾರದು. ಕೆಂಪು ವರ್ಣದ್ರವ್ಯ ಇವೆರಡರ ನಡುವೆ ನಿಂತು ಆಮ್ಲಜನಕವನ್ನು ತಾನು ಹಿಡಿದಿಟ್ಟುಕೊಂಡು, ಬೇಕಾದಷ್ಟನ್ನೇ ಅಳೆದು ಅಳೆದು ಕೊಡುತ್ತದೆ.

ಇಷ್ಟಕ್ಕೂ ಬ್ಯಾಕ್ಟೀರಿಯಾ ಬೇರಿನೊಳಗೆ ತಾನಾಗಿ ನುಗ್ಗುವುದಿಲ್ಲ. ಸಾರಜನಕದ ಹಸಿವಾದ ಗಿಡ ಬೇರಿನಿಂದ ಫ್ಲೇವನಾಯ್ಡ್ ಎಂಬ ರಾಸಾಯನಿಕಗಳನ್ನು ಮಣ್ಣಿಗೆ ಬಿಡುತ್ತದೆ. ಅದರ ಗುರುತು ಹಿಡಿಯಬಲ್ಲ ಬ್ಯಾಕ್ಟೀರಿಯಾ ತನ್ನದೊಂದು ಸಂಕೇತದಿಂದ ಓಗೊಡುತ್ತದೆ. ಆ ಸಂಕೇತ ತನಗೆ ಹೊಂದುವಂಥದ್ದಾದರೆ ಬೇರಿನ ರೋಮ ಸುರುಳಿಯಾಗಿ ಬ್ಯಾಕ್ಟೀರಿಯಾವನ್ನು ಒಳಗೆ ಸೆಳೆದುಕೊಳ್ಳುತ್ತದೆ, ಅದಕ್ಕೆಂದೇ ಗಂಟು ಕಟ್ಟುತ್ತದೆ. ಅಲ್ಲಿಂದ ಮುಂದೆ ಗಿಡ ಎಲೆಯಲ್ಲಿ ಮಾಡಿದ ಸಕ್ಕರೆಯ ಒಂದು ಪಾಲನ್ನು ಕೆಳಗಿಳಿಸುತ್ತದೆ, ಬ್ಯಾಕ್ಟೀರಿಯಾ ಸಾರಜನಕವನ್ನು ಮೇಲೆ ಕಳಿಸುತ್ತದೆ. ಬೇರುಗಂಟು ಗಾಳಿಯ ಸಾರಜನಕವನ್ನು ಹಿಡಿಯುತ್ತದೆಂದು 1880ರ ದಶಕದಲ್ಲಿ ತೋರಿಸಿದವರು ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್‌ಫಾರ್ತ್. ಗಂಟಿನೊಳಗಿನ ಬ್ಯಾಕ್ಟೀರಿಯಾವನ್ನು 1888ರಲ್ಲಿ ಬೇರ್ಪಡಿಸಿದವರು ಹಾಲೆಂಡಿನ ಬೈಯರಿಂಕ್.

ಈ ಕೊಡುಕೊಳ್ಳುವಿಕೆಯಲ್ಲಿ ಗಿಡ ಬಹಳ ಲೆಕ್ಕಾಚಾರದ್ದು. ಗಂಟು ಕಟ್ಟುವುದೂ ಸಾಕುವುದೂ ಖರ್ಚಿನ ಬಾಬತ್ತು. ಮಣ್ಣಿನಲ್ಲೇ ಸಾರಜನಕ ಸುಲಭವಾಗಿ ಸಿಗುತ್ತಿದೆ ಎಂದು ಗೊತ್ತಾದ ಕೂಡಲೇ ಅದು ಗಂಟು ಕಟ್ಟುವುದನ್ನು ಕಡಿಮೆ ಮಾಡುತ್ತದೆ. ಸಾಕಷ್ಟು ಸಿಕ್ಕರೆ ನಿಲ್ಲಿಸಿಯೇ ಬಿಡುತ್ತದೆ. ಡ್ಯೋಬೆರೈನರ್ ಅವರ ದೊಡ್ಡ ತೀರ್ಮಾನ ನಿಂತಿರುವುದು ಈ ಒಂದು ಸಂಗತಿಯ ಮೇಲೆ.

1960ರ ದಶಕದ ಆರಂಭದಲ್ಲಿ ಬ್ರೆಜಿಲ್ ಸೋಯಾ ಬೆಳೆಯನ್ನು ವಿಸ್ತರಿಸಲು ಹೊರಟಿತು. ಸೋಯಾ ಪೂರ್ವ ಏಷ್ಯಾದ ಬೆಳೆ. ಬ್ರೆಜಿಲ್‌ನ ಮಣ್ಣಿನಲ್ಲಿ ಅದರ ಜೊತೆಗಾರ ಬ್ಯಾಕ್ಟೀರಿಯಾ ಇರಲಿಲ್ಲ, ಹೊರಗಿನಿಂದಲೇ ತರಬೇಕಿತ್ತು. ಹಾಗೆ ತಂದ ಬ್ಯಾಕ್ಟೀರಿಯಾ ಬಿಸಿಲು, ಹುಳಿಮಣ್ಣು, ಬರಗಳನ್ನು ತಾಳೀತೇ ಎಂಬ ಅನುಮಾನ ಸಹಜವಾಗಿತ್ತು. ಹೊಸ ತಳಿಗಳ ಪ್ರಯೋಗ ತಾಕುಗಳಿಗೆ ಸಾರಜನಕ ಗೊಬ್ಬರ ಹಾಕಿ, ಹೆಚ್ಚು ಇಳುವರಿ ಕೊಟ್ಟದ್ದನ್ನು ಆರಿಸಿಕೊಂಡು ಹೋಗುವುದೇ ಅಂದಿನ ಸುಲಭದ ದಾರಿ. 1964ರ ಸುಮಾರಿಗೆ ಶುರುವಾದ ರಾಷ್ಟ್ರೀಯ ಸೋಯಾ ಕಾರ್ಯಕ್ರಮದೊಳಗೆ ಡ್ಯೋಬೆರೈನರ್ ಹಟ ಹಿಡಿದದ್ದು ಇದರ ವಿರುದ್ಧ. ತಳಿ ಆರಿಸುವ ತಾಕಿಗೆ ಸಾರಜನಕ ಗೊಬ್ಬರ ಬೇಡ, ಬೀಜಕ್ಕೆ ಒಳ್ಳೆಯ ರೈಜೋಬಿಯಂ (ಬೇರಿನಲ್ಲಿ ಗಂಟು ಕಟ್ಟಿಸುವ ಬ್ಯಾಕ್ಟೀರಿಯಾ) ಲೇಪಿಸಿ ಬಿತ್ತಿ ಎಂಬುದು ಅವರ ವಾದ. ದಕ್ಷಿಣದ ರಿಯೊ ಗ್ರಾಂಡೆ ಡೊ ಸುಲ್‌ನಲ್ಲಿ ಜೊವಾವೊ ರುಯ್ ಜಾರ್ಡಿಂ ಫ್ರೇರೆ ಕೂಡ ಇದೇ ದಾರಿಯಲ್ಲಿ ದುಡಿಯುತ್ತಿದ್ದರು. ಅವರ ಹೆಸರನ್ನು ಮುಂದೆ ಒಂದು ರೈಜೋಬಿಯಂ ಪ್ರಭೇದಕ್ಕೇ ಇಡಲಾಯಿತು.

ಮೇಲುನೋಟಕ್ಕೆ ಇದು ಖರ್ಚು ಉಳಿಸುವ ಮಾತು. ಒಳಗೆ ನೋಡಿದರೆ ತಳಿ ಆರಿಸುವ ವಿದ್ಯೆಯ ತಿರುಳೇ ಇಲ್ಲಿದೆ. ಗೊಬ್ಬರ ಸುರಿದ ತಾಕಿನಲ್ಲಿ ಎರಡು ಗಿಡಗಳಿವೆ ಎನ್ನಿ. ಒಂದು ಬ್ಯಾಕ್ಟೀರಿಯಾದೊಂದಿಗೆ ಚೆನ್ನಾಗಿ ಬಾಳುವಂಥದ್ದು, ಇನ್ನೊಂದಕ್ಕೆ ಆ ಬಾಳುವೆ ಬಾರದು. ಗೊಬ್ಬರ ಉಂಡು ಎರಡೂ ಒಂದೇ ಹಸಿರಾಗಿರುತ್ತವೆ. ಕಾಳಿನ ತೂಕ ನೋಡಿ ಆರಿಸುವವರಿಗೆ ವ್ಯತ್ಯಾಸ ಕಾಣುವುದಿಲ್ಲ. ಹೀಗೆ ಆರಿಸುತ್ತ ಹೋದರೆ ಕೆಲವು ತಲೆಮಾರುಗಳಲ್ಲಿ ಗಂಟು ಕಟ್ಟುವ ಗುಣ ಯಾರ ಗಮನಕ್ಕೂ ಬಾರದೆ ಸವೆದುಹೋಗಬಹುದು. ಗೊಬ್ಬರವಿಲ್ಲದ ತಾಕಿನಲ್ಲಿ ಕೈಲಾಗದ ಗಿಡ ತಿಂಗಳೊಪ್ಪತ್ತಿನಲ್ಲೇ ಹಳದಿ ತಿರುಗಿ ತನ್ನ ಗುಟ್ಟು ಬಿಟ್ಟುಕೊಡುತ್ತದೆ. ಹೆಣ್ಣು ನೋಡಲು ಹೋದವರು ಬಾಡಿಗೆ ಒಡವೆ ಎಣಿಸಿಕೊಂಡು ಬಂದಂತೆ, ಗೊಬ್ಬರದ ತಾಕಿನಲ್ಲಿ ತಳಿ ಆರಿಸುವುದು ಎಂದು ನನಗನ್ನಿಸುತ್ತದೆ.

ಈ ಹಟದ ಬೆಲೆ ಎಷ್ಟೆಂದು ನಮ್ಮ ಲೆಕ್ಕದಲ್ಲೇ ಹೇಳಬಹುದು. ಸೋಯಾ ಕಾಳಿನಲ್ಲಿ ನೂರಕ್ಕೆ ನಲವತ್ತರ ಹತ್ತಿರ ಪ್ರೋಟೀನ್. ಪ್ರೋಟೀನ್ ಎಂದರೆ ಸಾರಜನಕ. ಒಂದು ಟನ್ ಕಾಳು ಬೆಳೆಯಲು ಗಿಡಕ್ಕೆ ಸುಮಾರು 80 ಕಿಲೊ ಸಾರಜನಕ ಬೇಕು. ಹೆಕ್ಟೇರಿಗೆ ಮೂರು ಟನ್ ಬೆಳೆಯುವ ಹೊಲಕ್ಕೆ 240 ಕಿಲೊ. ನಮ್ಮ 45 ಕಿಲೊ ಯೂರಿಯಾ ಚೀಲದಲ್ಲಿರುವ ಸಾರಜನಕ 20 ಕಿಲೊ ಚಿಲ್ಲರೆ. ಹಾಕಿದ್ದೆಲ್ಲ ಗಿಡಕ್ಕೇ ಸೇರಿದರೂ ಹನ್ನೊಂದು ಹನ್ನೆರಡು ಚೀಲ ಬೇಕು. ಅರ್ಧದಷ್ಟು ನೀರಿಗೂ ಗಾಳಿಗೂ ಹೋಗುತ್ತದೆಂದು ಹಿಡಿದರೆ ಇಪ್ಪತ್ತನ್ನು ದಾಟುತ್ತದೆ. ಇಂದು ಬ್ರೆಜಿಲ್ ಸೋಯಾ ಬೆಳೆಯುವುದು 4.5 ಕೋಟಿ ಹೆಕ್ಟೇರಿಗೂ ಹೆಚ್ಚು ನೆಲದಲ್ಲಿ. ಇಡೀ ಕರ್ನಾಟಕದ ವಿಸ್ತೀರ್ಣದ ಎರಡು ಪಟ್ಟಿಗೂ ಮಿಗಿಲು ಅದು. ಅಷ್ಟೂ ಹೊಲಕ್ಕೆ ಸಾರಜನಕ ಒದಗಿಸುವುದು ಬಹುಪಾಲು ಆ ಸಾಸಿವೆ ಗಾತ್ರದ ಗಂಟುಗಳೇ.

ಡ್ಯೋಬೆರೈನರ್ ಒಂದೇ ಬೆಳೆಗೆ ಕಟ್ಟುಬಿದ್ದವರಲ್ಲ. 1963ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಿಂದ ಸ್ನಾತಕೋತ್ತರ ಪದವಿ ಪಡೆದು ಬಂದರು. ಹುಳಿಮಣ್ಣಿನಲ್ಲಿ ಮ್ಯಾಂಗನೀಸ್ ವಿಷವಾಗಿ ಬೀನ್ಸ್ ಗಿಡದ ಗಂಟುಗಳಿಗೆ ಹೇಗೆ ಪೆಟ್ಟು ಕೊಡುತ್ತದೆ ಎಂಬುದರ ಬಗ್ಗೆ 1966ರಲ್ಲಿ ಬರೆದರು. ಆಮೇಲೆ ಅವರ ಕಣ್ಣು ಹುಲ್ಲಿನತ್ತ ಹೊರಳಿತು. ಹುಲ್ಲು, ಕಬ್ಬು, ಜೋಳಗಳ ಬೇರಿನಲ್ಲಿ ಗಂಟಿಲ್ಲ. ಆದರೆ ಅವುಗಳ ಬೇರಿಗಂಟಿಕೊಂಡೇ ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾಗಳನ್ನು ಅವರು ಒಂದಾದ ಮೇಲೊಂದು ಪತ್ತೆ ಮಾಡಿದರು. 1978ರಲ್ಲಿ ಅಜೋಸ್ಪಿರಿಲಮ್ ಎಂಬ ಹೆಸರು ಪಡೆದ ಕುಲ ಅವುಗಳಲ್ಲಿ ಹೆಸರುವಾಸಿ. ನಮ್ಮ ರೈತರು ಅಂಗಡಿಯಲ್ಲಿ ಕೊಳ್ಳುವ ಅಜೋಸ್ಪಿರಿಲಮ್ ಪೊಟ್ಟಣದ ಮೂಲದಲ್ಲಿ ಅವರ ಕೆಲಸವಿದೆ. 1989ರಲ್ಲಿ ಯುನೆಸ್ಕೊ ವಿಜ್ಞಾನ ಪ್ರಶಸ್ತಿ ಅವರಿಗೆ ಬಂತು. ಪತಿ ಯೂರ್ಗೆನ್ ಪಶುವೈದ್ಯ ವಿಜ್ಞಾನಿ. ಜಾನುವಾರಿಗೆ ವಿಷವಾಗುವ ಗಿಡಗಳ ಬಗ್ಗೆ ದುಡಿದು ಹೆಸರಾದವರು.

ಒಬ್ಬರ ಆಯುಸ್ಸಿನಲ್ಲಿ ಮುಗಿಯುವ ಕೆಲಸವಲ್ಲ ಇದು. ಅದನ್ನು ಮುಂದೆ ಹೊತ್ತವರು ಮರಿಯಾಂಜೆಲಾ ಹುಂಗ್ರಿಯಾ. 1958ರಲ್ಲಿ ಹುಟ್ಟಿದ ಇವರು 1982ರಲ್ಲಿ ಬ್ರೆಜಿಲ್‌ನ ರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆ ಎಂಬ್ರಾಪಾ ಸೇರಿದಾಗ ಮೊದಲು ಕಾಲಿಟ್ಟದ್ದು ಅದೇ 47ನೇ ಕಿಲೋಮೀಟರಿಗೆ, ಡ್ಯೋಬೆರೈನರ್ ಗರಡಿಗೆ. ಇವರ ಮೊದಲ ಒಲವು ಬ್ರೆಜಿಲ್‌ನ ಮನೆಮನೆಯ ಊಟವಾದ ಬೀನ್ಸ್ ಕಾಳಿನ ಮೇಲೆ. ಕ್ಯಾಲಿಫೋರ್ನಿಯಾದಲ್ಲಿ ನಡೆಸಿದ ಸಂಶೋಧನೆಯಲ್ಲಿ ಹುಂಗ್ರಿಯಾ ಮತ್ತು ಸಂಗಡಿಗರು ಕಂಡುಕೊಂಡ ಒಂದು ಸಂಗತಿ ನನಗೆ ಬಲು ಇಷ್ಟ. ಕಪ್ಪು ಸಿಪ್ಪೆಯ ಬೀನ್ಸ್ ಬೀಜ ಮಣ್ಣಿನಲ್ಲಿ ನೆನೆದಾಗ ಅದರ ಬಣ್ಣ ಬಿಡುತ್ತದಲ್ಲ, ಆ ಬಣ್ಣದಲ್ಲಿರುವ ರಾಸಾಯನಿಕಗಳೇ ರೈಜೋಬಿಯಂನ ಗಂಟು ಕಟ್ಟಿಸುವ ವಂಶವಾಹಿಗಳನ್ನು ಎಬ್ಬಿಸುತ್ತವೆ. ಕಾಳು ನೆನೆಹಾಕಿದ ಬೋಗುಣಿಯ ನೀರು ಕಪ್ಪಾಗುವುದನ್ನು ದಿನಾ ನೋಡುವ ನಮಗೆ, ಅದು ಬೀಜ ತನ್ನ ಜೊತೆಗಾರನಿಗೆ ಹಾಕುವ ಕೂಗು ಎಂದು ಹೊಳೆದಿರಲಾರದು. ಬೇರು ಮೂಡುವ ಮೊದಲೇ ಕರೆ ಹೋಗಿರುತ್ತದೆ.

1991ರಿಂದ ಹುಂಗ್ರಿಯಾ ಪರಾನಾ ರಾಜ್ಯದ ಲೊಂಡ್ರಿನಾದಲ್ಲಿರುವ ಸೋಯಾ ಕೇಂದ್ರದಲ್ಲಿದ್ದಾರೆ. ಒಮ್ಮೆ ಬ್ಯಾಕ್ಟೀರಿಯಾ ಮಣ್ಣಿಗೆ ಸೇರಿದರೆ ಸಾಕು, ಮತ್ತೆ ಮತ್ತೆ ಬೀಜಕ್ಕೆ ಲೇಪಿಸುವ ಅಗತ್ಯವಿಲ್ಲ ಎಂಬುದು ಹಲವು ದೇಶಗಳಲ್ಲಿ ನಡೆದುಬಂದ ನಂಬಿಕೆ. ಮಣ್ಣಿನಲ್ಲಿ ನೆಲೆಸಿದ ಬ್ಯಾಕ್ಟೀರಿಯಾ ಬದುಕುವುದರಲ್ಲಿ ಗಟ್ಟಿ ನಿಜ, ಆದರೆ ದುಡಿಮೆಯಲ್ಲಿ ಯಾವಾಗಲೂ ಚುರುಕಲ್ಲ. ಪ್ರತಿ ಬಿತ್ತನೆಗೂ ಹೊಸದಾಗಿ ಲೇಪಿಸಿದರೆ ಇಳುವರಿ ಸರಾಸರಿ ನೂರಕ್ಕೆ 8ರಷ್ಟು ಏರುತ್ತದೆ ಎಂದು ಹುಂಗ್ರಿಯಾ ಮತ್ತು ಸಹೋದ್ಯೋಗಿಗಳು ರೈತರ ಹೊಲಗಳ ಪ್ರಯೋಗಗಳಲ್ಲಿ ತೋರಿಸಿದರು. ಆಮೇಲೆ ಇನ್ನೊಂದು ಹೆಜ್ಜೆ: ಸೋಯಾದ ಬ್ಯಾಕ್ಟೀರಿಯಾದ ಜೊತೆಗೆ ಹುಲ್ಲಿನ ಬೇರಿನ ಅಜೋಸ್ಪಿರಿಲಮ್ ಅನ್ನೂ ಸೇರಿಸಿ ಕೊಟ್ಟರು. ಅಜೋಸ್ಪಿರಿಲಮ್ ಬೇರು ಹೆಚ್ಚಿಸುವ ಹಾರ್ಮೋನು ಸುರಿಸುತ್ತದೆ. ಬೇರು ಹೆಚ್ಚಾದರೆ ಗಂಟು ಕಟ್ಟಲು ಜಾಗ ಹೆಚ್ಚು. ಗುರು ಹುಲ್ಲುಗಾವಲಿನಲ್ಲಿ ಹುಡುಕಿದ ಜೀವಿಯನ್ನು ಶಿಷ್ಯೆ ಗುರುವಿನದೇ ಸೋಯಾ ಹೊಲಕ್ಕೆ ಕರೆತಂದರು. ಗುರುವಿನ ಎರಡು ಬೇರೆ ಬೇರೆ ಕೆಲಸಗಳು ಹೀಗೆ ಒಂದೇ ಬೀಜದ ಮೇಲೆ ಕೂಡಿದವು.

2025ರ ವಿಶ್ವ ಆಹಾರ ಪ್ರಶಸ್ತಿ ಹುಂಗ್ರಿಯಾ ಅವರಿಗೆ ಸಂದಿತು. ರೈತರಿಗೆ ವರ್ಷಕ್ಕೆ 2,500 ಕೋಟಿ ಡಾಲರ್‌ವರೆಗೆ ಉಳಿತಾಯವಾಗುತ್ತಿದೆ ಎಂದು ಪ್ರಶಸ್ತಿಯ ಘೋಷಣೆ ಹೇಳಿತು. ಆ ಪ್ರಶಸ್ತಿಯನ್ನು ಹುಟ್ಟುಹಾಕಿದವರು ನಾರ್ಮನ್ ಬೊರ್ಲಾಗ್. ಅವರ ಗಿಡ್ಡ ಗೋಧಿ ಹೊಟ್ಟೆ ತುಂಬಿಸಿದ್ದು ಸಾರಜನಕ ಗೊಬ್ಬರದ ಬಲದಿಂದ. ಅವರದೇ ಪ್ರಶಸ್ತಿ ಗೊಬ್ಬರವಿಲ್ಲದ ದಾರಿ ತೋರಿದವರಿಗೆ ಹೋದದ್ದು ನನಗೆ ದೊಡ್ಡ ಸಂಗತಿಯಾಗಿ ಕಂಡಿತು.

ಇನ್ನೊಂದು ಮಾತನ್ನೂ ಹೇಳಲೇಬೇಕು. ಸೋಯಾ ಅಗ್ಗವಾಗಿ ಬೆಳೆಯುವಂತಾದದ್ದರಿಂದಲೇ ಅದು ಬ್ರೆಜಿಲ್‌ನ ಸೆರಾಡೊ ಎಂಬ ವಿಶಾಲ ಹುಲ್ಲು-ಕುರುಚಲು ಕಾಡನ್ನು ನುಂಗುತ್ತ ಹೋಗಲು ಸಾಧ್ಯವಾಯಿತು. ಸುಣ್ಣ ಹಾಕಿ ಹುಳಿ ಕಳೆದು, ಬ್ಯಾಕ್ಟೀರಿಯಾ ಹಚ್ಚಿದ ಬೀಜ ಬಿತ್ತಿದರೆ ಆ ಬಡಮಣ್ಣೂ ಫಲ ಕೊಡುತ್ತದೆ. ಗೊಬ್ಬರದ ಕಾರ್ಖಾನೆಯ ಹೊಗೆ ತಪ್ಪಿತು, ಆದರೆ ಕಾಡು ಉಳಿಯಲಿಲ್ಲ. ಇದರ ಹೊಣೆಯನ್ನು ಗಂಟಿನ ಮೇಲೂ ಅದನ್ನು ಓದಿದವರ ಮೇಲೂ ಹೊರಿಸುವುದು ಸರಿಯಲ್ಲ; ನೆಲದ ವಿಷಯ ತೀರ್ಮಾನಿಸಿದವರು ಬೇರೆ. ಆದರೆ ಲಾಭದ ಲೆಕ್ಕ ಹೇಳುವಾಗ ಈ ನಷ್ಟವನ್ನು ಬಿಟ್ಟು ಹೇಳಬಾರದು.

ನಮ್ಮ ಹೊಲಕ್ಕೆ ಇದರಿಂದ ಏನು ಎಂದು ಕೇಳುವವರಿಗೆ: ರಾಗಿಯ ನಡುವೆ ಅವರೆ, ತೊಗರಿ, ಅಲಸಂದೆಗಳ ಅಕ್ಕಡಿ ಸಾಲು ಹಾಕಿದ ನಮ್ಮ ಹಿರಿಯರು ಯಾವ ಪೊಟ್ಟಣವನ್ನೂ ತರಲಿಲ್ಲ. ತರಬೇಕಾಗಿರಲಿಲ್ಲ. ಆ ಬೆಳೆಗಳ ಜೊತೆಗಾರ ಬ್ಯಾಕ್ಟೀರಿಯಾ ನಮ್ಮ ಮಣ್ಣಿನಲ್ಲಿ ಹಿಂದಿನಿಂದಲೂ ನೆಲೆಸಿದೆ. (ಅವರೆ ಪಕ್ಕದ ರಾಗಿಗೆ ಸಾರಜನಕ ಬಡಿಸುತ್ತದೆ ಎಂಬುದು ಪೂರ್ತಿ ನಿಜವಲ್ಲ. ಹಿಡಿದದ್ದರಲ್ಲಿ ಬಹುಪಾಲು ಕಾಳಿಗೇ ಹೋಗುತ್ತದೆ. ಉದುರಿದ ಎಲೆ, ಕೊಳೆತ ಬೇರುಗಳಿಂದ ಮುಂದಿನ ಬೆಳೆಗೆ ಸಿಗುವುದೇ ಮಣ್ಣಿನ ಪಾಲು.) ಬೀದರ, ಬೆಳಗಾವಿ, ಧಾರವಾಡಗಳ ಸೋಯಾದ ಕಥೆ ಹಾಗಲ್ಲ. ವಾಣಿಜ್ಯ ಬೆಳೆಯಾಗಿ ಅದು ಭಾರತಕ್ಕೆ ಬಂದದ್ದೇ 1960ರ ದಶಕದ ಕೊನೆಗೆ. ಬ್ರೆಜಿಲ್‌ನಂತೆ ಇಲ್ಲಿಯೂ ಬೀಜದ ಜೊತೆ ಬ್ಯಾಕ್ಟೀರಿಯಾವನ್ನೂ ಬಿತ್ತಬೇಕು.

ಬಿತ್ತುತ್ತೇವೆ ಕೂಡ. ಆದರೆ ಏನನ್ನು? ಬ್ರೆಜಿಲ್‌ನ ಕಾನೂನು ಕೇಳುವುದು ಒಂದು ಗ್ರಾಂ ಅಥವಾ ಒಂದು ಮಿಲಿಲೀಟರಿನಲ್ಲಿ ಕನಿಷ್ಠ 100 ಕೋಟಿ ಜೀವಂತ ಬ್ಯಾಕ್ಟೀರಿಯಾ. ನಮ್ಮ ರಸಗೊಬ್ಬರ ನಿಯಂತ್ರಣ ಆದೇಶ ಪುಡಿಯ ರೂಪದ ರೈಜೋಬಿಯಂಗೆ ಕೇಳುವುದು ಗ್ರಾಂಗೆ 5 ಕೋಟಿ, ದ್ರವಕ್ಕೆ ಮಿಲಿಲೀಟರಿಗೆ 10 ಕೋಟಿ. ಈ ಅಂತರವನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಅದರ ಮೇಲೆ ತಗಡಿನ ಮಾಡಿನ ಗೋದಾಮಿನಲ್ಲಿ ಬೇಸಿಗೆ ಕಳೆದ ಪೊಟ್ಟಣದಲ್ಲಿ ಬದುಕುಳಿದವು ಎಷ್ಟೆಂದು ಯಾರೂ ಎಣಿಸಿರುವುದಿಲ್ಲ. ಸತ್ತ ಪುಡಿ ಹಚ್ಚಿದ ರೈತ ಫಲ ಕಾಣದೆ, ಜೀವಾಣು ಗೊಬ್ಬರವೇ ಸುಳ್ಳು ಎಂದುಕೊಂಡು ಯೂರಿಯಾ ಚೀಲಕ್ಕೆ ಮರಳುತ್ತಾನೆ. ಯೂರಿಯಾ ಬಿದ್ದ ಗಿಡ ಗಂಟು ಕಟ್ಟುವುದನ್ನು ನಿಲ್ಲಿಸುತ್ತದೆ. ನೋಡಿ, ಗಂಟೇ ಇಲ್ಲ ಎಂದು ಅವನ ಅನುಮಾನ ಇನ್ನಷ್ಟು ಗಟ್ಟಿಯಾಗುತ್ತದೆ. ಅವನದು ತಪ್ಪಲ್ಲ. ಪೊಟ್ಟಣದಲ್ಲಿ ಜೀವ ಇದೆಯೋ ಇಲ್ಲವೋ ನೋಡಿ ಕೊಡಬೇಕಾದವರದು.

ಮುಂಗಾರು ಬಿತ್ತನೆಗೆ ಹೊರಟವರು ಪೊಟ್ಟಣದ ಮೇಲಿನ ಕೊನೆಯ ದಿನಾಂಕ ನೋಡಿ ಕೊಳ್ಳಿ. ಪೊಟ್ಟಣದ ಮೇಲೆ ಯಾವ ಬೆಳೆಯ ಹೆಸರಿದೆ ಎಂಬುದನ್ನೂ ನೋಡಿ. ಶೇಂಗಾದ ರೈಜೋಬಿಯಂ ಸೋಯಾಕ್ಕೆ ಆಗಿಬರುವುದಿಲ್ಲ. ಬೀಜಕ್ಕೆ ಶಿಲೀಂಧ್ರನಾಶಕ ಹಚ್ಚುವುದಿದ್ದರೆ ಮೊದಲು ಅದನ್ನು ಮುಗಿಸಿ, ರೈಜೋಬಿಯಂ ಕಟ್ಟಕಡೆಗೆ. ಬೆಲ್ಲದ ಪಾಕ ಪೂರ್ತಿ ಆರಿದ ಮೇಲೆಯೇ ಪುಡಿ ಕಲಸಿ, ಬೀಜವನ್ನು ನೆರಳಲ್ಲಿ ಒಣಗಿಸಿ ಅಂದೇ ಬಿತ್ತಿ. ಹೊಲದ ಒಂದು ಮೂಲೆಯಲ್ಲಿ ನಾಲ್ಕು ಸಾಲಿಗೆ ಮಾತ್ರ ಯೂರಿಯಾ ಹಾಕದೆ ಬಿಡಿ. ನಲವತ್ತನೇ ದಿನ ಅಲ್ಲಿಂದ ಒಂದು ಗಿಡ, ಯೂರಿಯಾ ಬಿದ್ದ ಸಾಲಿನಿಂದ ಒಂದು ಗಿಡ ಎಬ್ಬಿಸಿ ಬೇರು ತೊಳೆದು ಪಕ್ಕಪಕ್ಕದಲ್ಲಿ ಇಡಿ. ಎರಡರಲ್ಲೂ ಒಂದೊಂದು ಗಂಟನ್ನು ಉಗುರಿನಿಂದ ಸೀಳಿ ನೋಡಿ.